ತುಳುನಾಡಿನ ಬ್ಯಾರಿಗಳ ಆರ್ಥಿಕ ಸ್ಥಿತಿಗತಿ: ಒಂದು ಐತಿಹಾಸಿಕ ಅವಲೋಕನ

ಯಾವುದೇ ಜನಾಂಗದ ಚರಿತ್ರೆಯನ್ನು ಬರೆಯುವವರು ಅರಸರ ವಂಶಾವಳಿ, ಯುದ್ಧಗಳ ಜಯಾಪಜಯ, ಗುಡಿಗೋಪುರಗಳ ನಿರ್ಮಾಣ ಇವುಗಳನ್ನು ವಿಸ್ತಾರವಾಗಿ ಹೇಳುತ್ತಾರೆ. ಆದರೆ ಆ ಜನರು ಏನನ್ನು ದುಡಿದರು, ದುಡಿದುದರಲ್ಲಿ ಯಾರಿಗೆ ಎಷ್ಟು ತೆತ್ತರು, ಉಳಿದುದರಲ್ಲಿ ಹೇಗೆ ಬಾಳಿದರು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಹಿಂದೆ ಸರಿದುಬಿಡುತ್ತವೆ. ಇಸ್ಲಾಂ ಮತಕ್ಕೆ ಸೇರಿದ ನೆಲದ ಮಕ್ಕಳ ವಿಷಯದಲ್ಲಂತೂ ಈ ಕೊರತೆ ಎದ್ದು ಕಾಣುತ್ತದೆ. ಅವರನ್ನು ಕುರಿತು ಎರಡು ಸಿದ್ಧ ಉತ್ತರಗಳು ಜನಜನಿತವಾಗಿವೆ. ಖಡ್ಗಕ್ಕೆ ಹೆದರಿ ಮತವನ್ನು ಬಿಟ್ಟರೆಂಬುದು ಒಂದು. ಐಶ್ವರ್ಯಕ್ಕೆ ಮರುಳಾಗಿ ಬಿಟ್ಟರೆಂಬುದು ಇನ್ನೊಂದು. ಈ ಎರಡು ಉತ್ತರಗಳನ್ನೂ ನಮ್ಮ ನಾಡಿನ ಒಂದು ಮೂಲೆಯಲ್ಲಿ ಒರೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಆ ಮೂಲೆಯೆಂದರೆ ದಕ್ಷಿಣ ಕನ್ನಡದ ಬಂಟವಾಳ, ಬೆಳ್ತಂಗಡಿ ಮತ್ತು ಮೂಡಬಿದಿರೆಯ ಸೀಮೆ. ಆ ಜನರೆಂದರೆ ಅಲ್ಲಿ ನೆಲೆಸಿರುವ ಬ್ಯಾರಿಗಳು.

ಬ್ಯಾರಿ ಎಂಬ ಹೆಸರೇ ಅವರ ಕಸುಬನ್ನು ಹೇಳುತ್ತದೆ. ತುಳುವಿನಲ್ಲಿ ಬ್ಯಾರ ಎಂದರೆ ವ್ಯಾಪಾರ. ವ್ಯಾಪಾರ ಮಾಡುವವನು ಬ್ಯಾರಿ. ಮತದ ಹೆಸರಿನಿಂದಲ್ಲ, ಕಾಯಕದ ಹೆಸರಿನಿಂದ ಒಂದು ಮುಸಲ್ಮಾನ ಸಮುದಾಯವು ಗುರುತಿಸಲ್ಪಟ್ಟಿದೆ ಎಂಬುದನ್ನು ವಾಚಕರು ಮೊದಲಿಗೇ ಗಮನಿಸಬೇಕು. ಅವರ ಮಾತು ಮಲೆಯಾಳವನ್ನು ಹೋಲುವ ರಚನೆಯುಳ್ಳದ್ದು. ಅದರಲ್ಲಿ ತುಳುವಿನ ಶಬ್ದಗಳು ಹೇರಳವಾಗಿವೆ, ಅರಬ್ಬೀ ಮತ್ತು ಪಾರಸೀ ಪದಗಳೂ ಬೆರೆತಿವೆ. ಧರ್ಮಾಚರಣೆಯಲ್ಲಿ ಅವರು ಶಾಫಿ ಪಂಥದವರು. ಉತ್ತರ ಭಾರತದ ಸುಲ್ತಾನರೊಡನೆ ಬಂದ ಹನಫಿ ಪಂಥಕ್ಕೂ ಅವರಿಗೂ ಸಂಬಂಧವಿಲ್ಲ. ಶಾಫಿ ಪಂಥವು ಯೆಮನ್ ಮೊದಲಾದ ಅರಬ್ಬೀ ಕರಾವಳಿಗಳಲ್ಲಿ ಬೇರೂರಿದುದು. ಆದುದರಿಂದ ಇಸ್ಲಾಂ ಧರ್ಮವು ತುಳುನಾಡಿಗೆ ದಿಲ್ಲಿಯ ದಂಡಿನ ದಾರಿಯಿಂದ ಬಾರದೆ ಕಡಲ ದಾರಿಯಿಂದ ಬಂದಿತೆಂಬುದು ಸ್ಪಷ್ಟ.

ಅರಬ್ಬರು ಆಳಿದ ನಾಡುಗಳಲ್ಲಿ

ತುಳುನಾಡಿನ ವಿಷಯಕ್ಕೆ ಬರುವ ಮುನ್ನ, ಅರಬ್ಬರೇ ಅರಸರಾಗಿದ್ದ ನಾಡುಗಳಲ್ಲಿ ಮತಾಂತರಗೊಂಡ ಸ್ಥಳೀಯರ ಪಾಡು ಏನಾಗಿತ್ತೆಂಬುದನ್ನು ತಿಳಿಯುವುದು ಒಳಿತು. ಹಾಗಲ್ಲದೆ ಹೋಲಿಕೆಗೆ ಆಧಾರವೇ ಇರದು.

ಕ್ರಿ. ಶ. 7ನೆಯ ಶತಮಾನದಲ್ಲಿ ಇರಾಕ್, ಪಾರಸ, ಈಜಿಪ್ಟ್ ದೇಶಗಳು ಅರಬ್ಬರ ವಶವಾದವು. ಖಲೀಫ ಉಮರನ (634–644) ಕಾಲದಲ್ಲಿ ಅರಬ್ ಯೋಧರ ಹೆಸರುಗಳನ್ನು ದಿವಾನ್ ಎಂಬ ಪಟ್ಟಿಯಲ್ಲಿ ಬರೆದು ಅವರಿಗೆ ವರ್ಷಾಶನವನ್ನು ಗೊತ್ತುಮಾಡಲಾಯಿತು. ಅನ್ಯಮತೀಯರ ಮೇಲೆ ಜಿಜಿಯಾ ಎಂಬ ತಲೆಗಂದಾಯವೂ ಖರಾಜ್ ಎಂಬ ಭೂಕಂದಾಯವೂ ಬಿದ್ದವು. ಇಸ್ಲಾಂ ಸೇರಿದ ಸ್ಥಳೀಯನು ತಲೆಗಂದಾಯದಿಂದ ಮುಕ್ತನಾಗಬೇಕಾದುದು ನ್ಯಾಯ. ಆದರೆ ನಡೆದುದು ಬೇರೆ. ಅಂಥವನು ಯಾವುದಾದರೊಂದು ಅರಬ್ ಕುಲದ ಆಶ್ರಿತನಾಗಿ, ಮವಾಲಿ ಎಂಬ ಹೆಸರು ಹೊತ್ತು, ಎರಡನೆಯ ದರ್ಜೆಯವನಾಗಿ ಇರಬೇಕಾಗಿತ್ತು.

ಉಮಯ್ಯದ್ ವಂಶದ ಆಳಿಕೆಯಲ್ಲಿ (661–750) ಈ ತಾರತಮ್ಯವು ಪರಾಕಾಷ್ಠೆಗೆ ಮುಟ್ಟಿತು. ಕಂದಾಯದ ಭಾರ ತಾಳಲಾರದೆ ಇರಾಕಿನ ರೈತರು ಇಸ್ಲಾಂ ಸೇರಿ ಪಟ್ಟಣಗಳಿಗೆ ವಲಸೆ ಬಂದಾಗ, ಅಲ್ಲಿನ ಅಧಿಕಾರಿ ಹಜ್ಜಾಜನು ಅವರನ್ನು ಹಳ್ಳಿಗಳಿಗೆ ಹಿಂದಕ್ಕಟ್ಟಿ ಹಿಂದಿನ ಕಂದಾಯವನ್ನೇ ವಸೂಲು ಮಾಡಿಸಿದನು. ಬೊಕ್ಕಸ ಬರಿದಾಗುವುದೆಂಬ ಭಯವೇ ಇದಕ್ಕೆ ಕಾರಣ. ಧರ್ಮಬುದ್ಧಿಯವನಾದ ಎರಡನೆಯ ಉಮರ್ ಖಲೀಫನು (717–720) ಪಟ್ಟಕ್ಕೆ ಬಂದಾಗ ಖುರಾಸಾನಿನಿಂದ ಬಂದ ನಿಯೋಗವು, ಇಪ್ಪತ್ತು ಸಾವಿರ ಮವಾಲಿಗಳು ಸಂಬಳವಿಲ್ಲದೆ ಯುದ್ಧ ಮಾಡುತ್ತಿದ್ದಾರೆಂದೂ ಅಷ್ಟೇ ಮಂದಿ ಹೊಸ ಮುಸಲ್ಮಾನರು ಇನ್ನೂ ತಲೆಗಂದಾಯ ತೆರುತ್ತಿದ್ದಾರೆಂದೂ ದೂರಿತು. ಆತನು ಅದನ್ನು ರದ್ದುಗೊಳಿಸಿದನು. ಆತನ ಮರಣದೊಡನೆ ಹಳೆಯ ಪದ್ಧತಿ ಮರಳಿತು. 738ರಲ್ಲಿ ಖುರಾಸಾನಿನ ಅಧಿಪತಿಯಾದ ನಸ್ರ್ ಎಂಬವನು ಲೆಕ್ಕ ತೆಗೆಸಿದಾಗ ಮೂವತ್ತು ಸಾವಿರ ಮುಸಲ್ಮಾನರು ಜಿಜಿಯಾ ತೆರುತ್ತಿದ್ದರೆಂದೂ, ತೆರಬೇಕಾದ ಎಂಬತ್ತು ಸಾವಿರ ಅನ್ಯಮತೀಯರು ಅದರಿಂದ ತಪ್ಪಿಸಿಕೊಂಡಿದ್ದರೆಂದೂ ಕಂಡುಬಂದಿತೆಂದು ಚರಿತ್ರಕಾರ ತಬರೀ ಬರೆದಿದ್ದಾನೆ. ತಲೆಗಂದಾಯವು ಅನ್ಯಮತೀಯರಿಗೆ ಮಾತ್ರ, ಭೂಕಂದಾಯವು ಮತಭೇದವಿಲ್ಲದೆ ನೆಲವುಳ್ಳ ಎಲ್ಲರಿಗೂ ಎಂಬ ನಿಯಮವನ್ನು ಆತನು ಮಾಡಿದನು. ಆದರೆ ಕಾಲ ಮೀರಿತ್ತು. ಅಸಂತುಷ್ಟ ಮವಾಲಿಗಳ ಬೆಂಬಲವನ್ನು ಪಡೆದ ಅಬ್ಬಾಸಿಗಳು ಅದೇ ಖುರಾಸಾನಿನಿಂದ ಎದ್ದು 750ರಲ್ಲಿ ಉಮಯ್ಯದ್ ವಂಶವನ್ನು ಕಿತ್ತೆಸೆದರು.

ಇಲ್ಲಿಂದ ಹೊರಡುವ ಪಾಠವಿಷ್ಟು. ಅರಬ್ಬರೇ ಆಳಿದಲ್ಲಿಯೂ ಮತಾಂತರವು ಬಡವನನ್ನು ಸಿರಿವಂತನನ್ನಾಗಿ ಮಾಡಲಿಲ್ಲ. ಬೊಕ್ಕಸವು ಅವನ ನಂಬಿಕೆಯನ್ನು ಕೇಳಲಿಲ್ಲ, ಅವನ ಹೊಲವನ್ನು ನೋಡಿತು.

ಕನ್ನಡ ಅರಸರ ಆಶ್ರಯದಲ್ಲಿ

ಭರತಖಂಡದಲ್ಲಿ ಅರಬ್ಬರು ಗೆದ್ದು ಆಳಿದುದು 712ರಿಂದೀಚೆಗೆ ಸಿಂಧು ದೇಶವನ್ನು ಮಾತ್ರ. ಕನ್ನಡನಾಡಿಗೆ ಅವರು ಅರಸರಾಗಿ ಬರಲಿಲ್ಲ, ವರ್ತಕರಾಗಿ ಬಂದರು. ನಮ್ಮ ರಾಷ್ಟ್ರಕೂಟ ಚಕ್ರವರ್ತಿಗಳನ್ನು ಬಲ್ಹರಾ ಎಂದು ಕರೆದು, ಮುಸಲ್ಮಾನರಿಗೆ ಅವರಂಥ ಮಿತ್ರರಿಲ್ಲವೆಂದು ಅರಬ್ ಪ್ರವಾಸಿಗಳು ಕೊಂಡಾಡಿದ್ದಾರೆ. 916ರಲ್ಲಿ ಕೊಂಕಣದ ಸೈಮೂರ್, ಎಂದರೆ ಇಂದಿನ ಚೌಲ್ ಪಟ್ಟಣವನ್ನು ಕಂಡ ಮಸೂದಿಯು ಅಲ್ಲಿ ಸುಮಾರು ಹತ್ತು ಸಾವಿರ ಮುಸಲ್ಮಾನರಿದ್ದರೆಂದು ಬರೆದಿದ್ದಾನೆ. ಅವರಲ್ಲಿ ಒಮಾನ್, ಬಸ್ರಾ, ಬಾಗ್ದಾದುಗಳಿಂದ ಬಂದವರಲ್ಲದೆ, ಇಲ್ಲಿಯೇ ಹುಟ್ಟಿದ ಬಯಾಸಿರ ಎಂಬ ವರ್ಗವೂ ಇದ್ದಿತು. 926ರ ಚಿಂಚಣಿ ತಾಮ್ರಪಟವು ಇನ್ನೂ ಸೋಜಿಗದ ಸಂಗತಿಯನ್ನು ತಿಳಿಸುತ್ತದೆ. ರಾಷ್ಟ್ರಕೂಟರ ಕೈಕೆಳಗೆ ಸಂಯಾನ ಮಂಡಲವನ್ನು ಆಳುತ್ತಿದ್ದ ಮಧುಮತಿ ಎಂಬ ತಾಜಿಕನು ದೇವಿಯ ಒಂದು ಮಠಿಕೆಗೆ ದತ್ತಿ ನಡೆಯುವಂತೆ ಅನುಮತಿ ಕೊಟ್ಟಿದ್ದಾನೆ. ಮಧುಮತಿ ಎಂಬುದು ಮುಹಮ್ಮದ್ ಎಂಬ ಹೆಸರಿನ ಸಂಸ್ಕೃತ ರೂಪವೆಂದು ವಿದ್ವಾಂಸರ ಮತ. ವಾಣಿಜ್ಯದ ಪ್ರಯೋಜನವನ್ನು ಬಲ್ಲ ಅರಸರು ಅನ್ಯದೇಶೀಯ ವರ್ತಕನನ್ನು ಹೇಗೆ ನಡೆಸಿಕೊಂಡರೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಡ.

ಇದೇ ನೀತಿಯು ದಕ್ಷಿಣಕ್ಕೆ, ಆಳುಪರ ತುಳುನಾಡಿನಲ್ಲಿಯೂ ನಡೆಯಿತು. ಮಂಗಳೂರು, ಬಾರಕೂರುಗಳಲ್ಲಿ ಮಾಲಿಕ್ ಬಿನ್ ದೀನಾರನ ಕಾಲದಲ್ಲಿಯೇ ಮಸೀದಿಗಳಾದುವೆಂಬ ಐತಿಹ್ಯವಿದೆ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಬೆನ್ ಯಿಜು ಎಂಬ ಯಹೂದಿ ವರ್ತಕನ ಕಾಗದಪತ್ರಗಳು ಕೈರೋ ನಗರದಲ್ಲಿ ದೊರೆತಿವೆ. ಮೆಣಸು, ಅಡಕೆ, ಕಬ್ಬಿಣಗಳು ಇಲ್ಲಿಂದ ಏಡನ್ ಬಂದರಿಗೆ ಹೋಗುತ್ತಿದ್ದುದನ್ನು ಅವುಗಳಿಂದ ಅರಿಯಬಹುದು. ಆತನು 1132ರಲ್ಲಿ ಆಶು ಎಂಬ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿ ಸಂಗಾತಿಯನ್ನಾಗಿ ಮಾಡಿಕೊಂಡು ಸಂಸಾರ ಹೂಡಿದನು. ಮುಸಲ್ಮಾನ ವರ್ತಕರ ಕಥೆಯೂ ಇದೇ ತೆರನಾದುದು. ಮುಂಗಾರಿನ ಗಾಳಿ ತಿರುಗುವ ತನಕ ತಿಂಗಳುಗಟ್ಟಲೆ ಬಂದರಿನಲ್ಲಿ ಕಾಯಬೇಕಾಗಿದ್ದ ನಾವಿಕರು ಇಲ್ಲಿಯೇ ಮದುವೆಯಾದರು. ಮಕ್ಕಳು ತಾಯಿಯ ಮಾತನ್ನೂ ತಂದೆಯ ಮತವನ್ನೂ ಪಡೆದರು. ಅವರೊಡನೆ ದುಡಿದ ದೋಣಿಯವರು, ಹೊರೆಯಾಳುಗಳು, ಸಣ್ಣ ವ್ಯಾಪಾರಿಗಳು ಕಾಲಕ್ರಮದಲ್ಲಿ ಅವರನ್ನು ಕೂಡಿಕೊಂಡರು. ಮೊಗವೀರರು ಪೂಜಿಸುವ ಕಡಲದೈವ ಬೊಬ್ಬರ್ಯನು ಮುಸಲ್ಮಾನ ವರ್ತಕನ ಮಗನೆಂಬ ಐತಿಹ್ಯವೂ, ಮೂಲ್ಕಿಯ ಬಪ್ಪನಾಡು ದೇವಸ್ಥಾನವನ್ನು ಬಪ್ಪ ಬ್ಯಾರಿ ಎಂಬವನು ಕಟ್ಟಿಸಿದನೆಂಬ ನಂಬಿಕೆಯೂ ಈ ಬೆರಕೆಯ ನೆನಪನ್ನೇ ಕಾಪಾಡಿಕೊಂಡು ಬಂದಿವೆ.

1342ರ ಸುಮಾರಿಗೆ ಮಂಗಳೂರಿಗೆ ಬಂದ ಇಬ್ನ್ ಬತೂತನು ಊರಿನ ಹೊರವಲಯದಲ್ಲಿ ನಾಲ್ಕು ಸಾವಿರದಷ್ಟು ಮುಸಲ್ಮಾನರು ವಾಸವಾಗಿದ್ದರೆಂದು ಹೇಳುತ್ತಾನೆ. ಊರವರಿಗೂ ಅವರಿಗೂ ಆಗಾಗ ಕಲಹಗಳಾಗುತ್ತಿದ್ದವು. ವರ್ತಕರ ಅಗತ್ಯವಿದ್ದುದರಿಂದ ಅರಸನು ನಡುವೆ ಬಂದು ರಾಜಿ ಮಾಡಿಸುತ್ತಿದ್ದನು ಎಂಬುದನ್ನೂ ಆತನು ಮರೆಮಾಚಿಲ್ಲ. ವಾಚಕರು ಈ ಮಾತನ್ನು ಲಕ್ಷ್ಯವಿಟ್ಟು ಓದಬೇಕು. ಅಂದಿನ ಸಾಮರಸ್ಯವು ಬರಿಯ ಸದ್ಭಾವದ ಫಲವಾಗಿರಲಿಲ್ಲ. ಅದಕ್ಕೆ ಪರಸ್ಪರ ಪ್ರಯೋಜನವೆಂಬ ಗಟ್ಟಿ ಅಡಿಪಾಯವಿದ್ದಿತು.

ಹೊಳೆಯ ದಾರಿ

ಬಂದರಿಗೆ ಸರಕು ಬರುತ್ತಿದ್ದುದು ಎಲ್ಲಿಂದ? ಘಟ್ಟದ ಮೇಲಿನಿಂದ ಹೇರೆತ್ತುಗಳ ಮೇಲೆ ಇಳಿದ ಮಾಲು ಬೆಳ್ತಂಗಡಿಯ ಸೀಮೆಯನ್ನು ಹಾದು ನೇತ್ರಾವತಿಯ ದಂಡೆಯ ಬಂಟವಾಳ, ಪಾಣೆಮಂಗಳೂರುಗಳಿಗೆ ಮುಟ್ಟುತ್ತಿತ್ತು. ಅಲ್ಲಿಂದ ದೋಣಿಗಳಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಮರಳುವಾಗ ಅದೇ ದೋಣಿಗಳು ಉಪ್ಪನ್ನೂ ಒಣಮೀನನ್ನೂ ತರುತ್ತಿದ್ದವು. ಈ ಒಳನಾಡನ್ನು ವಿಜಯನಗರದ ಅಧೀನದಲ್ಲಿ ಆಳಿದವರು ಬಂಗವಾಡಿಯ ಬಂಗರು, ವೇಣೂರಿನ ಅಜಿಲರು, ಪುತ್ತಿಗೆ ಮತ್ತು ಮೂಡಬಿದಿರೆಯ ಚೌಟರು ಮೊದಲಾದ ಜೈನ ಅರಸುಮನೆತನಗಳವರು. 1430ರಲ್ಲಿ ಕಟ್ಟಲಾರಂಭಿಸಿದ ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿದವರು ಅದರ ಭೈರಾದೇವಿ ಮಂಟಪದ ಅಡಿಪಟ್ಟಿಕೆಯಲ್ಲಿ ಆಫ್ರಿಕದ ಜಿರಾಫೆಯನ್ನೂ ಚೀನದ ಡ್ರ್ಯಾಗನನ್ನೂ ಕೆತ್ತಿರುವುದನ್ನು ಗಮನಿಸಿರಬಹುದು. ಜೈನ ಶ್ರೇಷ್ಠಿಗಳ ಸಂಪತ್ತಿಗೂ ಕಡಲಾಚೆಯ ವ್ಯಾಪಾರಕ್ಕೂ ಇದ್ದ ನಂಟಿಗೆ ಅದು ಕಲ್ಲಿನ ಸಾಕ್ಷಿ. ಶ್ರೇಷ್ಠಿಯ ಮೆಣಸನ್ನು ಹಡಗಿಗೆ ಮುಟ್ಟಿಸಲು ಬ್ಯಾರಿ ಬೇಕಾಗಿದ್ದನು. ಬ್ಯಾರಿಗೆ ಕೊಳ್ಳಲು ಶ್ರೇಷ್ಠಿಯ ಮೆಣಸು ಬೇಕಾಗಿತ್ತು.

16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಬಾರ್ಬೋಸನು, ಮಂಗಳೂರಿನ ಹೊಳೆಯ ಎರಡು ದಡಗಳಲ್ಲಿಯೂ ಹಿಂದೂಗಳೂ ಮುಸಲ್ಮಾನರೂ ಒತ್ತಾಗಿ ವಾಸಿಸುತ್ತಿದ್ದರೆಂದೂ, ಉಂಬಳಿಗಳುಳ್ಳ ದೊಡ್ಡ ದೇವಾಲಯಗಳೂ ಅನೇಕ ಮಸೀದಿಗಳೂ ಇದ್ದುವೆಂದೂ ವರ್ಣಿಸಿದ್ದಾನೆ. ಬಿಳಿಯ ಅಕ್ಕಿಗಿಂತ ಆರೋಗ್ಯಕರವಾದ ಕಂದು ಅಕ್ಕಿಯು ಇಲ್ಲಿಂದ ಮಲಬಾರಿಗೆ ಹೋಗುತ್ತಿತ್ತು. ಮುಸಲ್ಮಾನರ ಹಡಗುಗಳಲ್ಲಿ ಏಡನ್ನಿಗೂ ಬಹಳ ಅಕ್ಕಿ ಸಾಗುತ್ತಿತ್ತೆಂದು ಆತನ ಹೇಳಿಕೆ. ಬ್ಯಾರಿಗಳ ಚರಿತ್ರೆಯಲ್ಲಿ ಇದೇ ಸಮೃದ್ಧಿಯ ಕಾಲ.

ಕಡಲು ಕೈತಪ್ಪಿದಾಗ

ಆ ಸಮೃದ್ಧಿಗೆ ಕೊಡಲಿಯೇಟು ಹಾಕಿದವರು ಪೋರ್ಚುಗೀಸರು. ಅವರಿಂದ ಪರವಾನೆಯ ಚೀಟಿಯನ್ನು ಹಣಕೊಟ್ಟು ಪಡೆಯದ ಹಡಗನ್ನು ಸುಲಿಯುವುದು ಅವರ ಕ್ರಮವಾಯಿತು. ಮೆಣಸಿನ ವ್ಯಾಪಾರವನ್ನು ಅರಬ್ಬರ ಕೈಯಿಂದ ಕಿತ್ತುಕೊಳ್ಳುವುದೇ ಅವರ ಗುರಿ. ಅವರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನು ಮೂಡಬಿದಿರೆಯ ಚೌಟ ಮನೆತನದವಳು, ಜೈನಳು. ಆಕೆಯ ಪಕ್ಷದಲ್ಲಿ ಮೊಗವೀರರೊಡನೆ ಬ್ಯಾರಿಗಳೂ ಹೋರಾಡಿದರೆಂಬುದು ತುಳುನಾಡು ಮರೆಯದ ಮಾತು. ಅರಸಿಗೆ ಸುಂಕವೂ ಬ್ಯಾರಿಗೆ ಬಾಳೂ ಆ ಕಡಲಿನಲ್ಲಿಯೇ ಇದ್ದವು. ಒಂದೇ ಶತ್ರು ಇಬ್ಬರ ಅನ್ನವನ್ನೂ ಕಸಿದುಕೊಂಡಾಗ ಇಬ್ಬರೂ ಒಂದಾದುದರಲ್ಲಿ ಆಶ್ಚರ್ಯವಿಲ್ಲ.

ಮುಂದೆ ಕೆಳದಿಯ ಅರಸರ ಆಳಿಕೆ ಬಂದಿತು. ಶಿವಪ್ಪನಾಯಕನು (1645–1660) ಪೋರ್ಚುಗೀಸರ ಕೋಟೆಗಳನ್ನು ಗೆದ್ದು ಕರಾವಳಿಯ ಬಂದರುಗಳನ್ನು ಅವರ ಹಿಡಿತದಿಂದ ಬಿಡಿಸಿದನು. ಆತನ ಹೆಸರಿನೊಡನೆ ಬೆಸೆದಿರುವ ಶಿಸ್ತು, ನೆಲದ ಫಲವತ್ತತೆಯನ್ನು ನೋಡಿ ಕಂದಾಯವನ್ನು ಗೊತ್ತುಪಡಿಸುವ ಪದ್ಧತಿ. ಒಕ್ಕಲಿನ ಮತವನ್ನಲ್ಲದೆ ಮಣ್ಣಿನ ಗುಣವನ್ನು ಅಳೆಯುವುದು ಅದರ ನೀತಿ. ನಸ್ರ್ ಖುರಾಸಾನಿನಲ್ಲಿ ತಡವಾಗಿ ಕಂಡುಕೊಂಡ ನ್ಯಾಯವು ಇಲ್ಲಿ ಮೊದಲಿನಿಂದಲೇ ರಾಜಪದ್ಧತಿಯಾಗಿತ್ತು. ಆದರೆ ಕಡಲ ಕಲಹ ಅಲ್ಲಿಗೆ ನಿಲ್ಲಲಿಲ್ಲ. ಪೋರ್ಚುಗೀಸರು ತಮ್ಮ ವ್ಯಾಪಾರಕ್ಕೆ ಅಡ್ಡಿ ಮಾಡಿದರೆಂಬ ಸೇಡಿನಿಂದ 1695ರಲ್ಲಿ ಅರಬ್ಬರು ಮಂಗಳೂರನ್ನೇ ಸುಟ್ಟರು. ಅಲ್ಲಿ ತಮ್ಮ ಮತದವರೂ ಇದ್ದಾರೆಂಬ ಕಾರಣಕ್ಕೆ ಆ ಬೆಂಕಿ ಹಿಂಜರಿಯಲಿಲ್ಲ.

1763ರಲ್ಲಿ ಬಿದನೂರು ಬಿದ್ದು ಕರಾವಳಿಯು ಹೈದರಾಲಿಯ ವಶವಾಯಿತು. ಅರಸನ ಮತವೂ ಬ್ಯಾರಿಗಳ ಮತವೂ ಒಂದೇ ಆದುದು ಈ ಕಾಲದಲ್ಲಿ ಮಾತ್ರ. ಹಾಗಾದರೆ ಅವರ ಐಶ್ವರ್ಯ ಇಮ್ಮಡಿಸಿತೆ? ಟಿಪ್ಪುಸುಲ್ತಾನನು ಮೆಣಸು, ಶ್ರೀಗಂಧ, ಏಲಕ್ಕಿಗಳ ವ್ಯಾಪಾರವನ್ನು ಸರಕಾರದ ಏಕಸ್ವಾಮ್ಯಕ್ಕೆ ಒಳಪಡಿಸಿ, ಮಸ್ಕತ್ತಿನಲ್ಲಿ ಸರಕಾರದ ಕೋಠಿಯನ್ನೇ ತೆರೆದನು. ಬೆಲೆಬಾಳುವ ಸರಕೆಲ್ಲ ಸರಕಾರದ್ದಾದ ಮೇಲೆ ಖಾಸಗಿ ವರ್ತಕನಿಗೆ, ಅವನು ಯಾವ ಮತದವನೇ ಆಗಿರಲಿ, ಉಳಿಯುವುದು ಅಲ್ಪ. ಬೆಳ್ತಂಗಡಿಯ ಬಳಿಯ ಗಡಾಯಿಕಲ್ಲಿನ ಮೇಲೆ 1794ರಲ್ಲಿ ಆತನು ಕಟ್ಟಿಸಿದ ಜಮಾಲಾಬಾದ್ ಕೋಟೆ ಇಂದಿಗೂ ನಿಂತಿದೆ. ಅದರ ನೆರಳು ಬ್ಯಾರಿಯ ಬಡತನವನ್ನು ತಣಿಸಲಿಲ್ಲ.

ಗೇಣಿಯ ಕಾಲ

ಕಡಲನ್ನು ಕಳೆದುಕೊಂಡವರಿಗೆ ನೆಲವೇ ಗತಿ. ಒಳನಾಡಿಗೆ ಸರಿದ ಬ್ಯಾರಿಗಳಲ್ಲಿ ಕೆಲವರು ಸಂತೆಯಿಂದ ಸಂತೆಗೆ ಒಣಮೀನು ಹೊತ್ತು ಮಾರಿದರು. ಕೆಲವರು ಅಡಕೆ, ಮೆಣಸು, ತೆಂಗಿನಕಾಯಿಗಳನ್ನು ಮನೆಮನೆಗಳಿಂದ ಕೊಂಡು ಪೇಟೆಗೆ ಮುಟ್ಟಿಸುವ ದಲ್ಲಾಳಿಗಳಾದರು. ಅನೇಕರು ಗೇಣಿಗೆ ಗದ್ದೆ ಹಿಡಿದರು. 1799ರಲ್ಲಿ ಇಂಗ್ಲಿಷರ ಆಳಿಕೆ ಬಂದ ಮೇಲೆ ಭೂಮಿಯು ವರ್ಗದಾರರ ಕೈಯಲ್ಲಿ ಗಟ್ಟಿಯಾಯಿತು. ಮೂಲಗೇಣಿಯ ಒಕ್ಕಲಿಗೆ ಶಾಶ್ವತ ಹಕ್ಕಿದ್ದಿತು. ಚಾಲಗೇಣಿಯ ಒಕ್ಕಲು ಮಾತ್ರ ಧಣಿಯ ಮನಸ್ಸು ಬಂದಾಗ ಎದ್ದು ಹೋಗಬೇಕು. ಸುಗ್ಗಿಯ ಕಾಲಕ್ಕೆ ಬೈಹುಲ್ಲಿನಿಂದ ಬಿಗಿದ ಅಕ್ಕಿಯ ಮುಡಿಗಳು ಧಣಿಯ ಚಾವಡಿಗೆ ಸೇರಬೇಕು. ಮಳೆ ಕೈಕೊಟ್ಟರೂ ಲೆಕ್ಕ ತಪ್ಪುವಂತಿಲ್ಲ. ಒಕ್ಕಲು ಬಿಲ್ಲವನಿರಲಿ, ಕ್ರೈಸ್ತನಿರಲಿ, ಬ್ಯಾರಿಯಿರಲಿ, ಮುಡಿಯ ತೂಕ ಒಂದೇ. ಗೇಣಿಗೆ ಮತವಿರಲಿಲ್ಲ.

ವ್ಯಾಪಾರವೂ ಕೈಹಿಡಿಯಲಿಲ್ಲ. ಘಟ್ಟದ ರಸ್ತೆಗಳಾದವು, 1907ರಲ್ಲಿ ಮಂಗಳೂರಿಗೆ ರೈಲು ಬಂದಿತು, ಬಳಿಕ ಮೋಟಾರು ಲಾರಿಗಳು ಬಂದವು. ಸರಕು ಹೊಳೆಯನ್ನು ಬಿಟ್ಟು ರಸ್ತೆಯನ್ನು ಹಿಡಿದೊಡನೆ ಬಂಟವಾಳ, ಪಾಣೆಮಂಗಳೂರುಗಳ ದೋಣಿಕಟ್ಟೆಗಳು ಬಣಗುಟ್ಟಿದವು. ಜೊತೆಗೆ, ಇಂಗ್ಲಿಷರ ವಿದ್ಯೆಯ ಮೇಲಿನ ಅಪನಂಬಿಕೆಯಿಂದ ಬ್ಯಾರಿಗಳು ಶಾಲೆಗಳಿಂದ ದೂರ ಉಳಿದರು. ಇತರ ಸಮುದಾಯಗಳ ಯುವಕರು ವಕೀಲರೂ ಗುಮಾಸ್ತರೂ ಆಗುತ್ತಿದ್ದ ಕಾಲದಲ್ಲಿ ಇವರು ತಕ್ಕಡಿಯನ್ನು ಬಿಟ್ಟು ಬೇರೆ ದಾರಿಯನ್ನು ಕಾಣಲಿಲ್ಲ. ಈ ನಷ್ಟವು ಹೊರಗಿನಿಂದ ಬಂದುದಲ್ಲ, ತಾವೇ ತಂದುಕೊಂಡದ್ದು ಎಂಬುದನ್ನು ಆ ಸಮುದಾಯದ ವಿಚಾರವಂತರೂ ಒಪ್ಪುತ್ತಾರೆ.

ಬಿಡುಗಡೆಯ ಮೊದಲ ಹೆಜ್ಜೆಯಾಗಿ ಬಂದುದು 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯ ತಿದ್ದುಪಡಿ. ದೇವರಾಜ ಅರಸರ ಸರಕಾರದ ಈ ಶಾಸನದಿಂದ ಉಳುವ ಗೇಣಿದಾರನು ಭೂಮಿಯ ಒಡೆಯನಾದನು. ದಕ್ಷಿಣ ಕನ್ನಡದಲ್ಲಿ ಅದು ನಾಡಿನ ಇತರೆಡೆಗಳಿಗಿಂತ ಹೆಚ್ಚು ದೃಢವಾಗಿ ಜಾರಿಗೆ ಬಂದಿತು. ಭೂನ್ಯಾಯಮಂಡಲಿಯ ಮುಂದೆ ಅರ್ಜಿ ಹಿಡಿದು ನಿಂತ ಸಾಲಿನಲ್ಲಿ ಎಲ್ಲ ಮತಗಳ ಒಕ್ಕಲುಗಳೂ ಇದ್ದರು. ಅದೇ ದಶಕದಲ್ಲಿ ಕೊಲ್ಲಿಯ ದೇಶಗಳ ತೈಲಸಂಪತ್ತು ಉಕ್ಕಿ, ಬ್ಯಾರಿ ಯುವಕರು ದುಡಿಮೆಗಾಗಿ ಅಲ್ಲಿಗೆ ತೆರಳತೊಡಗಿದರು. ಮನೆಗಳಲ್ಲಿ ಹೆಣ್ಣುಮಕ್ಕಳು, ನೆರೆಯ ಹಿಂದೂ ಹೆಣ್ಣುಮಕ್ಕಳಂತೆಯೇ, ಮೊರದಲ್ಲಿ ಎಲೆ ತಂಬಾಕು ಇಟ್ಟುಕೊಂಡು ಸಾವಿರಕ್ಕೆ ಇಷ್ಟೆಂಬ ಮಜೂರಿಗೆ ಬೀಡಿ ಕಟ್ಟಿ ಸಂಸಾರ ನಡೆಸಿದರು. ಬಂಟವಾಳ, ಬೆಳ್ತಂಗಡಿ ಸೀಮೆಯ ಎಷ್ಟೋ ಮಕ್ಕಳ ಶಾಲೆಯ ಖರ್ಚು ಹುಟ್ಟಿದುದು ಆ ಮೊರದಿಂದ. 2007ರಲ್ಲಿ ಕರ್ನಾಟಕ ಸರಕಾರವು ಬ್ಯಾರಿ ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿತು. ತಕ್ಕಡಿಯ ಜನರ ಮಾತು ಗ್ರಂಥಸ್ಥವಾಗುವ ಕಾಲವೂ ಬಂದಿತು.

ಉಪಸಂಹಾರ

ಪ್ರಿಯ ವಾಚಕರೇ, ಆರಂಭದಲ್ಲಿ ಹೇಳಿದ ಎರಡು ಸಿದ್ಧ ಉತ್ತರಗಳನ್ನು ಈಗ ಪರಿಶೀಲಿಸಿರಿ. ಖಡ್ಗದ ಮಾತು ಇಲ್ಲಿ ಸಲ್ಲದು; ಬ್ಯಾರಿಗಳ ಸಮುದಾಯವು ಬೆಳೆದುದು ಆಳುಪರು, ಬಂಗರು, ಚೌಟರು, ಅಜಿಲರು, ಕೆಳದಿಯ ನಾಯಕರು ಎಂಬ ಹಿಂದೂ ಮತ್ತು ಜೈನ ಅರಸರ ಆಳಿಕೆಯಲ್ಲಿ. ಐಶ್ವರ್ಯದ ಮಾತೂ ನಿಲ್ಲದು. ಕಡಲು ತೆರೆದಿದ್ದಾಗ ಅವರು ಉಂಡರು, ಕಡಲು ಮುಚ್ಚಿದಾಗ ಹಸಿದರು. ಅರಸನು ಅನ್ಯಮತೀಯನಾದಾಗ ಕೆಡಲಿಲ್ಲ, ಸ್ವಮತೀಯನಾದಾಗ ಉದ್ಧಾರವಾಗಲಿಲ್ಲ. ಇರಾಕಿನ ಮವಾಲಿಯೂ ಬಂಟವಾಳದ ಬ್ಯಾರಿಯೂ ಒಂದೇ ಸತ್ಯವನ್ನು ಎರಡು ಬಗೆಯಲ್ಲಿ ಸಾರುತ್ತಾರೆ. ಮನುಷ್ಯನು ಆತ್ಮದ ತೃಪ್ತಿಗಾಗಿಯೋ ಸಂಬಂಧದ ಬಲದಿಂದಲೋ ಮತವನ್ನು ಬದಲಿಸಬಹುದು. ಅವನ ಹೊಟ್ಟೆಯ ಲೆಕ್ಕವನ್ನು ಬರೆಯುವವರು ಮಾತ್ರ ಬೊಕ್ಕಸದವರು, ಧಣಿಗಳು, ಬಂದರಿನ ಒಡೆಯರು.

ನೆರೆಯವನನ್ನು ಹೊರಗಿನವನೆಂದು ಕರೆಯುವುದು ಸುಲಭ. ಆದರೆ ನೇತ್ರಾವತಿಯಲ್ಲಿ ಅವನ ದೋಣಿಯೂ ನಮ್ಮ ಅಕ್ಕಿಯೂ ಜೊತೆಯಲ್ಲಿ ಇಳಿದು ಹೋದ ಶತಮಾನಗಳಿವೆ. ಒಂದೇ ಧಣಿಯ ಚಾವಡಿಯಲ್ಲಿ ಒಂದೇ ಅಳತೆಯ ಮುಡಿಯನ್ನು ಇಬ್ಬರೂ ಇಳಿಸಿದ ಸುಗ್ಗಿಗಳಿವೆ. ಚರಿತ್ರೆಯ ಈ ಲೆಕ್ಕಪುಸ್ತಕವನ್ನು ತೆರೆದು ಓದಿದವನು ನೆರೆಯವನ ವಿಷಯದಲ್ಲಿ ದುಡುಕಿ ಮಾತನಾಡಲಾರನು. ಅಷ್ಟು ವಿವೇಕವು ನಮ್ಮಲ್ಲಿ ಮೂಡಿದರೆ ಚರಿತ್ರೆಯ ಅಧ್ಯಯನವು ಸಾರ್ಥಕವಾಯಿತೆಂದು ತಿಳಿಯಬಹುದು.